ಮೂರು ಭಾಷೆಯ ಮಗು

ಮಗುವನ್ನು ಕೈಯಿಂದ ಕೈಗೆ ಕೊಡುವುದಕ್ಕೆ ತಾಯಂದಿರಿಗೆ ಸಿಗುತ್ತಿದ್ದುದು ಒಂದೋ ಎರಡೋ ನಿಮಿಷ. ಊರಿಗಾಂ ಸ್ಟೇಷನ್ನಿಗೆ ಬೆಂಗಳೂರಿನ ಬೆಳಗಿನ ರೈಲು ಬರುವುದಕ್ಕೆ ಮೊದಲು ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನಿನ ಮನೆಯ ಮುಂದೆ ಚಪ್ಪಲಿಗಳ ಸದ್ದು ಶುರುವಾಗುತ್ತಿತ್ತು. ಟವೆಲಿನಲ್ಲಿ ಸುತ್ತಿದ ಮಗು, ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಹಾಲಿನ ಬಾಟಲಿ. "ರಾತ್ರಿಯೆಲ್ಲ ಮೂಗು ಕಟ್ಟಿತ್ತು ಅಕ್ಕಾ", "ಒಟ್ಟೆ ಸರಿ ಇಲ್ಲ, ಆಲು ಕಮ್ಮಿ ಕೊಡು" ಎಂದಷ್ಟೇ ಹೇಳಿ ಹಿಂತಿರುಗಿ ನೋಡದೆ ಓಡುತ್ತಿದ್ದರು. ಹಿಂತಿರುಗಿ ನೋಡಿದರೆ ಮಗು ಅಳುತ್ತದೆ ಎಂದು ಅವರಿಗೆ ನಾನೇ ಹೇಳಿಕೊಟ್ಟಿದ್ದೆ. ಮಿಕ್ಕ ವಿಷಯವನ್ನೆಲ್ಲ ನಾನು ಮಗುವನ್ನು ನೋಡಿಯೇ ತಿಳಿದುಕೊಳ್ಳಬೇಕಾಗಿತ್ತು. ಅದು ನನಗೆ ಬರುತ್ತದೆ ಎಂದೇ ನಂಬಿದ್ದೆ.

ಆ ವರ್ಷ ನನ್ನ ಹತ್ತಿರ ಏಳು ಮಕ್ಕಳಿದ್ದವು. ಅದಕ್ಕೆ ಮೊದಲು ಒಂಬತ್ತಿದ್ದವು. ಬಂಗಾರಪೇಟೆಯಲ್ಲಿ ಹೊಸದಾಗಿ ಮಕ್ಕಳನ್ನು ನೋಡಿಕೊಳ್ಳುವ ಜಾಗವೊಂದು ತೆರೆದು, ಗೋಡೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು ನೇತುಹಾಕಿದ್ದರು. ಇಬ್ಬರು ತಾಯಂದಿರು ಅಲ್ಲಿಗೆ ಹೋದರು. ನಮ್ಮ ಮನೆಯನ್ನೂ ನೋಂದಾಯಿಸೋಣ ಎಂದು ಕಚೇರಿಗೆ ಹೋದರೆ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ನೋಡಿ, "ಶಿಶುಪಾಲನೆ ಓದಿದ್ದೀರೇನಮ್ಮ?" ಎಂದರು. "ಇಷ್ಟು ವರ್ಷದಿಂದ ಅದನ್ನೇ ಮಾಡ್ತಿವ್ನಿ ಸಾರ್" ಎಂದೆ. "ಮಾಡೋದು ಬೇರೆ, ಓದೋದು ಬೇರೆ" ಎಂದು ಅರ್ಜಿಯನ್ನು ವಾಪಸ್ಸು ಕೊಟ್ಟರು.

ಬಂಗಾರಪೇಟೆಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ವರ್ಷದ ಕೋರ್ಸು. ವಾರಕ್ಕೆ ಮೂರು ಮಧ್ಯಾಹ್ನ, ಎರಡರಿಂದ ಐದರವರೆಗೆ. ನಾನು ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು, ಹತ್ತನೇ ತರಗತಿ ಪಾಸಾಗಿದ್ದೆ, ಅದು ಸಾಕಾಯಿತು. ಆ ಮೂರು ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಲೈನಿನಲ್ಲಿದ್ದ ನನ್ನ ನಾದಿನಿ ಒಪ್ಪಿದಳು. ಒಪ್ಪುವುದಕ್ಕೆ ಮುಂಚೆ ತನ್ನ ಮಾತನ್ನೂ ಆಡಿದಳು.

"ಮೂರು ಮಕ್ಳ ಎತ್ತು ಸಾಕಿರೋಳ್ಗೆ ಮಕ್ಳು ಸಾಕೋದ್ ಏಳ್ಕೊಡ್ತಾರಂತಾ? ತೊಟ್ಲು ತೂಗೋಕೂ ಪರೀಕ್ಷೆ ಇಟ್ಟವ್ರಾ ಅತ್ಗೆ?"

"ಇಟ್ಟವ್ರೆ ಕಣಮ್ಮ. ಫೇಲಾದ್ರೆ ನೀನೇ ನನ್ನ ತೂಗ್ಬೇಕು" ಎಂದೆ.

ತರಗತಿಯಲ್ಲಿ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಅವರು ನನ್ನನ್ನು ಆಂಟಿ ಎನ್ನುತ್ತಿದ್ದರು. ಮೇಡಂ ಕೂಡ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೆ ಮಾತು ಕಟ್ಟುನಿಟ್ಟು. ಮೊದಲ ಆರು ತಿಂಗಳು ಚಾರ್ಟು, ಬೊಂಬೆ, ಬಣ್ಣದ ಕಾಗದ, ಪಾಠದ ಯೋಜನೆ. ಮನೆಗೆ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ತೂಕಡಿಸುತ್ತಿದ್ದೆ. ಮಕ್ಕಳಿಗೆ ಬೆರಳ ಬೊಂಬೆ ತೋರಿಸುವುದನ್ನು ಕಲಿಯಲು ಇಷ್ಟು ಖರ್ಚು, ಇಷ್ಟು ಮಧ್ಯಾಹ್ನ ಬೇಕಿತ್ತೇ ಎಂದು ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ ಬೇಕಿರಲಿಲ್ಲ ಎನ್ನುತ್ತಿದ್ದೆ.

ಏಳನೇ ತಿಂಗಳಿಗೆ ಶಿಶು ಅಧ್ಯಯನ ಬಂತು. ಒಂದೇ ಮಗುವನ್ನು ಆರು ವಾರ, ದಿನಕ್ಕೆ ಇಪ್ಪತ್ತು ನಿಮಿಷ, ದೂರ ಕುಳಿತು ನೋಡಿ ಬರೆಯಬೇಕು. ದಪ್ಪ ರಟ್ಟಿನ ರೆಕಾರ್ಡು ಪುಸ್ತಕ, ಪುಟಕ್ಕೆ ಮೂರು ಕಾಲಂ: ಗಂಟೆ, ಮಗು ಏನು ಮಾಡಿತು, ಬೇರೆಯವರು ಏನು ಮಾಡಿದರು. ಮಗುವಿಗೆ ಸಹಾಯ ಮಾಡುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ನನಗೆ ಏನನ್ನಿಸಿತು ಎಂದಂತೂ ಬರೆಯುವ ಹಾಗೇ ಇಲ್ಲ. ನನ್ನ ಮೊದಲ ಪುಟದಲ್ಲಿ ಮೇಡಂ 'ಜಾಣೆ' ಎಂಬ ಮಾತನ್ನು ಮೂರು ಕಡೆ, 'ಪಾಪ' ಎಂಬುದನ್ನು ಎರಡು ಕಡೆ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು.

"ಜಾಣೆ ಅಂತ ನಿಮ್ಮ ಕಣ್ಣಿಗೆ ಕಾಣಿಸ್ತಾ?" ಎಂದರು.

"ಕಾಣಿಸ್ತು ಮೇಡಂ."

"ಏನು ಮಾಡಿದ್ದು ಕಾಣಿಸ್ತು, ಅದನ್ನ ಬರೀರಿ. ಮಿಕ್ಕಿದ್ದು ನಿಮ್ಮ ಪ್ರೀತಿ. ಅದನ್ನ ಪುಸ್ತಕದಿಂದ ಆಚೆ ಇಡಿ."

ನಾನು ಆರಿಸಿಕೊಂಡ ಮಗುವನ್ನು ಪುಟ್ಟಿ ಎಂದೇ ಕರೆಯುತ್ತೇನೆ. ಎರಡು ವರ್ಷ ಎಂಟು ತಿಂಗಳು. ಹತ್ತು ತಿಂಗಳ ಕೂಸಾಗಿದ್ದಾಗಿನಿಂದ ನನ್ನ ಮನೆಯಲ್ಲೇ ಬೆಳೆದವಳು. ಅವಳ ತಾಯಿ ನಮ್ಮ ಕ್ಯಾಸಂಬಳ್ಳಿ ಕಡೆಯ ಹುಡುಗಿ, ಮನೆಮಾತು ಅರ್ಧ ತೆಲುಗು ಅರ್ಧ ಕನ್ನಡ. ಊರಿಗಾಂ ಪಕ್ಕದ ಕೋರಮಂಡಲ್‌ನ ತಮಿಳು ಮನೆಗೆ ಸೊಸೆಯಾಗಿ ಬಂದು, ಬೆಂಗಳೂರಿನ ಗಾರ್ಮೆಂಟ್ಸಿಗೆ ದಿನಾ ರೈಲಿನಲ್ಲಿ ಹೋಗುತ್ತಿದ್ದಳು. ಗಂಡ ಹೊಸೂರಿನ ಕಾರ್ಖಾನೆಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಸಂಜೆ ನಾಲ್ಕಕ್ಕೆ ಮಗುವನ್ನು ಕರೆದೊಯ್ಯುತ್ತಿದ್ದವರು ಗಂಡನ ತಾಯಿ. ಅವರನ್ನು ನಾವೆಲ್ಲ ತಮಿಳಿನಲ್ಲೇ ಪಾಟಿ, ಅಜ್ಜಿ, ಎನ್ನುತ್ತಿದ್ದೆವು. ಮಂಡಿ ನೋವು, ದಿನವಿಡೀ ಮಗುವಿನ ಹಿಂದೆ ಓಡಲಾರರು. ಅವರ ಮಾತು ತಮಿಳು, ಕನ್ನಡ ಆಡಿದರೂ ನಡುನಡುವೆ ತಮಿಳು ನುಗ್ಗುತ್ತಿತ್ತು.

ಪುಟ್ಟಿ ಮಾತಾಡುತ್ತಿರಲಿಲ್ಲ. ಅದು ಯಾರಿಗೂ ಗುಟ್ಟಾಗಿರಲಿಲ್ಲ. ನಮ್ಮಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ಕೆಜಿಎಫ್‌ನಲ್ಲಿ ಯಾವ ಲೈನಿಗೆ ಹೋಗಿ ಕೇಳಿದರೂ ಅದನ್ನೇ ಹೇಳುತ್ತಾರೆ: ಮೂರು ಭಾಷೆ ಕೇಳುವ ಮಗು ತಡವಾಗಿ ಬಾಯಿ ಬಿಡುತ್ತದೆ, ಬಿಟ್ಟರೆ ಮೂರನ್ನೂ ಒಟ್ಟಿಗೆ ಆಡುತ್ತದೆ. ಸುಳ್ಳೂ ಅಲ್ಲ. ನನ್ನ ಎರಡನೇ ಮಗನೇ ಎರಡೂವರೆ ದಾಟಿದ ಮೇಲೆ ಮಾತಾಡಿದ್ದು. ಹಾಗಾಗಿ ಆ ಮಾತನ್ನು ನಾನು ಎಷ್ಟೋ ತಾಯಂದಿರಿಗೆ ಹೇಳಿದ್ದೆ, ಆಮೇಲೆ ಅವರು ನಗುತ್ತಾ ಬಂದು "ನೀ ಏಳಿದಂಗೇ ಆಯ್ತಕ್ಕಾ" ಎಂದದ್ದೂ ಉಂಟು.

ಪುಟ್ಟಿಗೆ ಎರಡು ತುಂಬಲು ಎರಡು ತಿಂಗಳಿದ್ದಾಗ ಅವಳ ತಾಯಿ ಒಂದು ದಿನ ಬಾಗಿಲಲ್ಲಿ ನಿಂತಳು. "ಅಕ್ಕಾ, ಇನ್ನೂ ಅಮ್ಮ ಅಂತಾನೂ ಅನ್ನಲ್ಲ ಇವ್ಳು. ನಾಳೆ ರಜಾ ಆಕ್ಬುಟ್ಟು ಕೋಲಾರದಾಗೆ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ಲಾ?"

"ಮೂರ್ ಬಾಸೆ ಮಗು ಕಣಮ್ಮ" ಎಂದೆ ನಾನು. "ನೀನೊಂದ್ ಮಾತು, ನಿಮ್ಮತ್ತೆ ಒಂದ್ ಮಾತು, ನಾನೊಂದ್ ಮಾತು. ಅದು ಯಾವ್ದನ್ನ ಇಡ್ಕಳದು? ಸುಮ್ಕೆ ಒಂದಿನದ ಸಂಬಳ ಯಾಕ್ ಕಳ್ಕಂತೀಯ, ಓಗು, ರೈಲ್ ಬಂತು."

ಅವಳ ಮುಖ ಹಗುರಾಯಿತು. ಓಡಿಹೋದಳು. ಅಂದು ರೈಲು ಬರಲು ಇನ್ನೂ ಐದಾರು ನಿಮಿಷ ಇತ್ತು.

ಈಗ ರೆಕಾರ್ಡು ಪುಸ್ತಕಕ್ಕೆ ಬರುತ್ತೇನೆ. ದಿನಾ ಹನ್ನೊಂದು ಗಂಟೆಗೆ, ರಾಗಿ ಸರಿ ತಿನ್ನಿಸಿ ಬಾಯಿ ಒರೆಸಿ ಎಲ್ಲರನ್ನೂ ಹಾಸಿನ ಮೇಲೆ ಬಿಟ್ಟಾದ ಮೇಲೆ, ಅಡುಗೆಮನೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರುತ್ತಿದ್ದೆ. ನಾದಿನಿಗೆ ಆ ಇಪ್ಪತ್ತು ನಿಮಿಷ ಮಕ್ಕಳನ್ನು ವಹಿಸುತ್ತಿದ್ದೆ. ಸುಮ್ಮನೆ ಕೂರುವುದು ನನಗೆ ತುಂಬಾ ಕಷ್ಟವಾಯಿತು. ಮಗು ಎಡವಿದರೆ ಕಾಲು ತಾನಾಗಿ ಏಳುತ್ತಿತ್ತು. ಮೊದಲ ವಾರ ಬರೆದದ್ದೆಲ್ಲ ಹೀಗೆ: 'ಡಬ್ಬಿಯ ಮೇಲೆ ಡಬ್ಬಿ ಇಟ್ಟಳು. ಆರು ಡಬ್ಬಿ. ನಾದಿನಿ ಕರೆದಳು. ಬಂದಳು.'

'ಕರೆದಳು' ಎಂಬುದರ ಪಕ್ಕದಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಬರೆದಿದ್ದರು: 'ಎಲ್ಲಿ ನಿಂತು? ಎಷ್ಟು ದೂರದಿಂದ? ಬಾಯಿಂದ ಮಾತ್ರವೋ, ಕೈಯಿಂದಲೂ?'

ಎಲ್ಲರ ಪುಸ್ತಕದಲ್ಲೂ ಹೀಗೇ ಕೇಳಿದ್ದರು. ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ, "ಇನ್ನು ಎಷ್ಟು ಸಲ ಉಸಿರಾಡಿದೆವು ಅಂತಾನೂ ಬರೀಬೇಕು ಆಂಟಿ" ಎಂದು ನಗುತ್ತಿದ್ದರು. ನಾನೂ ನಕ್ಕೆ.

ಎರಡನೇ ವಾರದಿಂದ ಹಾಗೆಯೇ ಬರೆದೆ. 'ನಾದಿನಿ ಎದುರಿಗೆ ನಿಂತು ಕೈ ಚಾಚಿ ಕರೆದಳು. ಬಂದಳು.' 'ನಾದಿನಿ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕರೆದಳು. ಬರಲಿಲ್ಲ. ಡಬ್ಬಿ ಆಡುತ್ತಿದ್ದಳು.' 'ಪಕ್ಕದಿಂದ ಕರೆದಳು. ಬರಲಿಲ್ಲ.' 'ಬೇರೆ ಮಗು ಎದ್ದು ಓಡಿದ್ದನ್ನು ನೋಡಿ ತಾನೂ ಎದ್ದಳು.' ಆಟದಲ್ಲಿ ಮುಳುಗಿದ ಮಗು ಯಾವುದು ತಿರುಗಿ ನೋಡುತ್ತದೆ ಎಂದುಕೊಂಡೆ. ಅಂದುಕೊಂಡದ್ದನ್ನು ಬರೆಯುವ ಹಾಗಿರಲಿಲ್ಲ. ಬರೆಯದೆ ಬಿಟ್ಟಿದ್ದರಿಂದ ಪುಟದಲ್ಲಿ ಉಳಿದದ್ದು 'ಬರಲಿಲ್ಲ' ಎಂಬ ಮಾತು ಮಾತ್ರ. ಅದು ಒಂದರ ಕೆಳಗೆ ಒಂದು ಸೇರುತ್ತಾ ಹೋಯಿತು.

ಮೂರನೇ ವಾರದ ಮಂಗಳವಾರ ಅಡುಗೆಮನೆಯಲ್ಲಿ ನಾದಿನಿಯ ಕೈಜಾರಿ ಹಿಟ್ಟಿನ ದೊಡ್ಡ ಸ್ಟೀಲು ಬೇಸಿನ್ನು ಕಲ್ಲಿನ ನೆಲಕ್ಕೆ ಬಿತ್ತು. ಮಿಕ್ಕ ಆರು ಮಕ್ಕಳೂ ಬೆಚ್ಚಿದವು, ಚಿಕ್ಕದು ಕಿರುಚಿ ಅತ್ತಿತು. ಪುಟ್ಟಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಐದನೇ ಡಬ್ಬಿಯ ಮೇಲೆ ಆರನೆಯದನ್ನು ಇಟ್ಟಳು. ನಿಧಾನವಾಗಿ ಕೈ ತೆಗೆದಳು. ಬೀಳಲಿಲ್ಲವೆಂದು ಒಬ್ಬಳೇ ಚಪ್ಪಾಳೆ ತಟ್ಟಿದಳು.

ಪೆನ್ನು ನನ್ನ ಕೈಯಲ್ಲೇ ಇತ್ತು. 'ಹನ್ನೊಂದು ಇಪ್ಪತ್ತು' ಎಂದು ಬರೆದೆ. ಮುಂದಿನ ಕಾಲಂ ಬರೆಯಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ನಿಯಮ ಮುರಿದೆ. ಲೋಟ, ಚಮಚ ತಂದು ಅವಳ ಬೆನ್ನ ಹಿಂದೆ ಕೂತು ಬಡಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಎಡಗಡೆ, ಬಲಗಡೆ. ಅವಳು ನೆಲದ ಮೇಲೆ ಬಿದ್ದ ನನ್ನ ನೆರಳು ಅಲ್ಲಾಡಿದ್ದನ್ನು ಕಂಡು ತಿರುಗಿದಳು, ನನ್ನನ್ನು ನೋಡಿ ನಕ್ಕು ಲೋಟ ಕೇಳಿದಳು. ಆಗ ಒಂದೊಂದೇ ನೆನಪಾಯಿತು. ಕುಕ್ಕರು ಕೂಗಿದರೂ ಏಳದ ಅವಳ ಮಧ್ಯಾಹ್ನದ ನಿದ್ದೆ. ಅದನ್ನು ನಾನು 'ಪುಣ್ಯಾತ್ಗಿತ್ತಿ ನಿದ್ದೆ' ಎಂದು ಹೊಗಳುತ್ತಿದ್ದೆ. ಬಾಗಿಲು ತೆರೆದರೆ ತಿರುಗುತ್ತಿದ್ದುದು ಬೆಳಕಿಗೆ. ನಾನು ಕರೆದರೆ ಬರುತ್ತಿದ್ದುದು ನನ್ನ ಕೈಗೆ. ಕೈ ಆಡಿಸದೆ ಮಕ್ಕಳನ್ನು ಕರೆಯುವ ಅಭ್ಯಾಸವೇ ನನಗಿಲ್ಲ.

ಮಾರನೆಯ ದಿನ ತರಗತಿಯಿತ್ತು. ಪುಸ್ತಕ ನೋಡಿ ಮೇಡಂ, "ನಾವು ಡಾಕ್ಟರಲ್ಲ. ಈಗಲೇ ತಾಯಿಯನ್ನ ಹೆದರಿಸಬೇಡಿ. ಇನ್ನು ಮೂರು ವಾರ ಪೂರ್ತಿ ಮಾಡಿ, ನಾನೇ ಒಂದು ಪತ್ರ ಬರೆದುಕೊಡ್ತೀನಿ, ಅದನ್ನ ತಗೊಂಡು ತೋರಿಸಲಿ. ಅದು ಸರಿಯಾದ ಕ್ರಮ" ಎಂದರು. ತಪ್ಪಾಗಿ ಹೇಳಲಿಲ್ಲ. ಅವರಿಗೆ ಆ ಹತ್ತು ತಿಂಗಳ ಹಿಂದಿನ ಮಾತು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಈ ಮಗುವನ್ನು ಮಧ್ಯದಲ್ಲಿ ಬಿಟ್ಟರೆ ಇನ್ನೊಂದು ಮಗುವನ್ನು ಮೊದಲಿಂದ ಆರು ವಾರ ಬರೆಯಬೇಕು, ಅಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತದೆ ಎಂದೂ ಲೆಕ್ಕ ಹಾಕಿದೆ. ಭಾನುವಾರ ತಾಯಿಗೆ ರಜೆ, ಆವತ್ತು ಹೇಳಿದರಾಯಿತು ಎಂದು ಬಸ್ಸಿನಲ್ಲಿ ಸಮಾಧಾನ ಮಾಡಿಕೊಂಡೆ. ಗುರುವಾರ ಹೇಳಲಿಲ್ಲ. ಅವಳು ಬಾಗಿಲಲ್ಲಿ ಮಗುವನ್ನು ಕೊಟ್ಟಳು, ನಾನು ಇಸಕೊಂಡೆ, ಹೋದಳು. ಹನ್ನೊಂದು ಗಂಟೆಗೆ ಮಣೆ ಹಾಕಿಕೊಂಡು ಕೂತು ಇನ್ನೊಂದು ಪುಟ ಬರೆದೆ. ನೀಟಾಗಿ, ಒಂದು ಮಾತೂ ಹೊಡೆದುಹಾಕಲಾಗದ ಹಾಗೆ ಬರೆದೆ. ಬರೆದಾದ ಮೇಲೆ ಓದಿದೆ. ಈ ಮಗು ನನ್ನ ಮಗಳಾಗಿದ್ದರೆ ಈ ಪುಟವನ್ನು ನಾನು ಬರೆಯುತ್ತಾ ಕೂರುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಪುಸ್ತಕ ಮುಚ್ಚಿ ಬೀರುವಿನ ಮೇಲಿಟ್ಟೆ.

ಶುಕ್ರವಾರ ಬೆಳಗ್ಗೆ ಅವಳು ಮಗುವನ್ನು ಚಾಚಿದಾಗ ನಾನು ಕೈ ಚಾಚಲಿಲ್ಲ.

"ಇವತ್ತು ರೈಲು ಬಿಡಮ್ಮ. ಒಳೀಕ್ ಬಾ."

"ಯಾಕಕ್ಕಾ? ಮೈ ಉಸಾರಿಲ್ವಾ ನಿಂಗೆ?"

"ನಾ ಚೆನ್ನಾಗೇ ಇವ್ನಿ. ನೀ ಬಾ."

ಮಿಕ್ಕ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವವರೆಗೆ ಅವಳು ಚಪ್ಪಲಿ ಬಿಡದೆ ಗಡಿಯಾರ ನೋಡುತ್ತಾ ನಿಂತಿದ್ದಳು. ರೈಲಿನ ಕೂಗು ಕೇಳಿಸಿದಾಗ ಅವಳ ಮುಖ ಆ ಕಡೆ ತಿರುಗಿತು. ತೋಳಲ್ಲಿದ್ದ ಪುಟ್ಟಿ ಅಮ್ಮನ ಸರ ಎಳೆಯುತ್ತಿದ್ದಳು. ನಾನು ಬರೆದದ್ದನ್ನು ಓದಿ ಹೇಳಿದೆ. ಅವಳಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಆಗ ಪುಟ್ಟಿಯನ್ನು ಕೆಳಗೆ ಕೂರಿಸಿ ಕೈಗೆ ಡಬ್ಬಿ ಕೊಟ್ಟು, ಹಿಂದಿನಿಂದ ಲೋಟ ಬಡಿದು ತೋರಿಸಿದೆ.

ಅವಳು ನನ್ನ ಕೈಯಿಂದ ಲೋಟ ಕಿತ್ತುಕೊಂಡಳು. ತಾನೇ ಬಡಿದಳು. ಸಾಲದೆಂದು ತಟ್ಟೆ ತಂದು ಬಡಿದಳು. ಮಗುವಿನ ಹೆಸರು ಹಿಡಿದು ಕರೆದಳು, ಕೂಗಿದಳು. ಆರು ಮಕ್ಕಳೂ ಅಳಲು ಶುರು ಮಾಡಿದವು. ಪುಟ್ಟಿ ತಲೆ ಎತ್ತಿ ಅಳುತ್ತಿದ್ದ ಮಕ್ಕಳ ಮುಖವನ್ನು ಒಂದೊಂದಾಗಿ ನೋಡಿದಳು. ಏನಾಯಿತೆಂದು ತಿಳಿಯದೆ, ಎಲ್ಲರೂ ಅಳುತ್ತಿದ್ದಾರಲ್ಲ ಎಂದು, ತಾನೂ ಅತ್ತಳು. ತಾಯಿ ಆಗ ತಟ್ಟೆ ಕೆಳಗಿಟ್ಟಳು.

"ನೀನೇ ಅಲ್ವಾಕ್ಕಾ ಬ್ಯಾಡ ಅಂದಿದ್ದು" ಎಂದಳು. ಧ್ವನಿ ಏರಲಿಲ್ಲ. "ರಜಾ ಆಕ್ತೀನಿ ಅಂದ್ನಲ್ಲ. ನೀನೇ ಅಲ್ವಾ ರೈಲ್ ಬಂತು ಓಗು ಅಂದಿದ್ದು."

"ಊ ಕಣಮ್ಮ" ಎಂದೆ. "ನಾನೇ."

ಕೋಲಾರಕ್ಕೆ ನನ್ನನ್ನು ಕರೆಯುತ್ತಾಳೆಂದು ನಾನು ನಿರೀಕ್ಷಿಸಿರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ, ಪಾಟಿಗೆ ಬಸ್ಸು ಹತ್ತಲಾಗದು. ಅವಳೊಬ್ಬಳೇ ಮೊದಲು ಹೋಗಿ ತೋರಿಸಿದಾಗ ಡಾಕ್ಟರು ಕಿವಿಯೊಳಗೆ ನೋಡಿ ಪರೀಕ್ಷೆಗೆ ದಿನ ಕೊಟ್ಟಿದ್ದರು. ಹಣೆಗೆ, ಕಿವಿಯ ಹಿಂದೆ ಬೊಟ್ಟಿನ ಹಾಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದು ಒಳಗೆ ತಲುಪುತ್ತಿದೆಯೇ ಎಂದು ಯಂತ್ರದಲ್ಲಿ ನೋಡುತ್ತಾರೆ. ಅಷ್ಟು ಹೊತ್ತೂ ಮಗು ನಿದ್ದೆಯಲ್ಲಿರಬೇಕು. ಅದಕ್ಕೆ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ, ಅಲ್ಲಿಗೆ ಮುಟ್ಟುವವರೆಗೆ ಒಂದು ಚಣವೂ ಮಲಗಲು ಬಿಡಬಾರದು. "ಇವ್ಳನ್ನ ಎಚ್ಚರ ಇಡೋಕೆ ನಂಗಾಗಲ್ಲ, ನೀ ಬಾ" ಎಂದಷ್ಟೇ ಹೇಳಿದಳು ತಾಯಿ.

ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸಿ ಕೋಲಾರ ತಲುಪುವವರೆಗೆ ಆ ಮಗುವನ್ನು ನಾನು ಮಲಗಲು ಬಿಡಲಿಲ್ಲ. ನನ್ನ ತೊಡೆ ಕಂಡರೆ ನಿದ್ದೆ ಹೋಗುವ ಅಭ್ಯಾಸ ಅವಳಿಗೆ. ಕಣ್ಣು ಮುಚ್ಚಿದಾಗಲೆಲ್ಲ ಪಾದಕ್ಕೆ ಕಚಗುಳಿ ಇಟ್ಟೆ, ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ, ಕಿಟಕಿಯ ಗಾಳಿಗೆ ಹಿಡಿದೆ. ಅವಳು ನನ್ನ ಮುಖವನ್ನೇ ನೋಡಿ ಅಳುತ್ತಿದ್ದಳು, ಇವತ್ತು ಇವಳಿಗೇನಾಗಿದೆ ಎಂಬಂತೆ. ತಾಯಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಕತ್ತಲೆ ಕೋಣೆಯಲ್ಲಿ ಪರೀಕ್ಷೆ ಮುಗಿಯಲು ಒಂದು ಗಂಟೆ ಹಿಡಿಯಿತು. ಎರಡೂ ಕಿವಿಯಲ್ಲಿ ತೀವ್ರ ದೋಷ. ಪರೀಕ್ಷೆ ಮಾಡಿದ ಹುಡುಗಿ ಕಾಗದ ತುಂಬುತ್ತಾ, "ಮೊದಲು ಅನುಮಾನ ಬಂದದ್ದು ಯಾವಾಗ?" ಎಂದು ಕೇಳಿದರು.

"ಹತ್ತು ತಿಂಗಳ ಹಿಂದೆ" ಎಂದೆ ನಾನು. "ಇವರಿಗೆ ಬಂದಿತ್ತು. ನಾನು ತಡೆದೆ."

ಆ ಹುಡುಗಿ ತಲೆ ಎತ್ತಿ, "ನೀವು ಮಗುವಿಗೆ ಏನಾಗಬೇಕು?" ಎಂದರು. ಅವರೇ ಮುಂದುವರಿಸಿ ಹೇಳಿದರು: ಯಂತ್ರ ಹಾಕಿದರೆ ಸ್ವಲ್ಪ ಕೇಳಿಸುತ್ತದೆ, ಮಾತಿನ ತರಬೇತಿ ವರ್ಷಗಟ್ಟಲೆ ಬೇಕು, ಎಷ್ಟು ಬರುತ್ತದೆಂದು ಈಗ ಹೇಳಲಾಗದು, ಈ ವಯಸ್ಸಿನಲ್ಲಿ ಒಂದೊಂದು ತಿಂಗಳಿಗೂ ಬೆಲೆಯಿದೆ, ಮುಂಚೆ ಬಂದಿದ್ದರೆ ಒಳ್ಳೆಯದಿತ್ತು. ವಾಪಸ್ಸು ಬರುವಾಗ ಪುಟ್ಟಿ ನನ್ನ ತೊಡೆಯ ಮೇಲೆ ಮಲಗಿಯೇ ಇದ್ದಳು. ಬಂಗಾರಪೇಟೆಯಲ್ಲಿ ಇಳಿಯುವಾಗ ತಾಯಿ ಅವಳನ್ನು ಎತ್ತಿಕೊಂಡು, "ಸೋಮವಾರದಿಂದ ನಿನ್ನತ್ರ ಬಿಡಲ್ಲಕ್ಕಾ" ಎಂದಳು.

ಇನ್ನೊಂದು ಮಗುವಿನ ಅಧ್ಯಯನ ಬರೆಯಲು ನನ್ನಿಂದ ಆಗಲಿಲ್ಲ. ಇದ್ದ ಪುಟಗಳನ್ನೇ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಹೆಂಗಸು ಪುಸ್ತಕ ತಿರುವಿ, "ಆರು ವಾರ ಆಗಿಲ್ಲವಲ್ಲ, ಯಾಕೆ ನಿಲ್ಲಿಸಿದಿರಿ?" ಎಂದರು.

"ತಾಯಿಗೆ ಹೇಳಿದೆ. ಮಗು ಬರೋದು ನಿಂತುಹೋಯ್ತು ಮೇಡಂ."

ಅವರು ಹನ್ನೊಂದು ಇಪ್ಪತ್ತರ ಸಾಲನ್ನು ಎರಡು ಸಲ ಓದಿದರು. "ಚೆನ್ನಾಗಿ ನೋಡಿದ್ದೀರಿ" ಎಂದರು. ಆ ಮಾತು ನನಗೆ ಎಲ್ಲಿ ತಗುಲಿತೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ನಾನು ಕೈಮುಗಿದು ಎದ್ದು ಬಂದೆ. ಎರಡನೇ ದರ್ಜೆಯಲ್ಲಿ ಪಾಸಾದೆ.

ಸರ್ಟಿಫಿಕೇಟು ಈಗ ಗೋಡೆಯ ಮೇಲಿದೆ. ನೋಂದಣಿಯಾಯಿತು, ಮಕ್ಕಳು ಮತ್ತೆ ಒಂಬತ್ತಾದವು. ಹೊಸ ಮಗು ಬಂದರೆ ಮೊದಲ ವಾರವೇ ಬೆನ್ನ ಹಿಂದಿನಿಂದ ಕರೆದು ನೋಡಿ, ಒಂದು ಕಾರ್ಡಿನಲ್ಲಿ ಬರೆದಿಡುತ್ತೇನೆ. ಒಬ್ಬ ತಾಯಿ ಸಿಟ್ಟು ಮಾಡಿಕೊಂಡಳು: "ನಮ್ ಮಗೂಗೆ ಕಿವಿ ಕೇಳಲ್ಲ ಅಂತೀಯಾ? ಚಾಕಲೇಟ್ ಸುಲಿದ್ರೆ ಮೂರನೇ ಮನೆಯಿಂದ ಓಡ್ಬತ್ತದೆ." ಅದೇ ಬೇಕಾದದ್ದು ಎಂದೆ, ಕಾರ್ಡಿನಲ್ಲಿ ಅದನ್ನೂ ಬರೆದೆ.

ಈ ಕೋರ್ಸಿಗೆ ಸೇರಲೇ ಎಂದು ನಮ್ಮ ಲೈನಿನ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು. ಅವಳಿಗೆ ಮದುವೆಯಾಗಿ ವರ್ಷವಾಗಿದೆ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಯೋಚನೆ. "ಅಷ್ಟು ದುಡ್ಡು ಸುರಿದು, ಅಷ್ಟು ದಿನ ಅಲೆದು... ದಂಡ ಅಲ್ವಾಂಟಿ? ನಿಮ್ಗೇನ್ ಸಿಕ್ತು?" ಸೇರು ಎಂದೆ. ಚಾರ್ಟು, ಬೊಂಬೆ ಎಲ್ಲ ಹೋಗಲಿ, ದೂರ ಕುಳಿತು ನೋಡುವುದನ್ನು ಕಲಿಸುತ್ತಾರೆ, ಅದಕ್ಕೆ ಎಷ್ಟು ಕೊಟ್ಟರೂ ಹೆಚ್ಚಲ್ಲ ಎಂದೆ. ಆದರೆ ಮೊದಲ ಮಗುವನ್ನು ಕೈಗೆ ಇಸಕೊಳ್ಳುವ ಮುಂಚೆಯೇ ಓದಿ ಮುಗಿಸು ಎಂದೂ ಹೇಳಿದೆ. ಯಾಕೆಂದು ಕೇಳಿದಳು. ಹೇಳಿದೆ. ಕೇಳಿದ ಮೇಲೆ ಅವಳು ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು, ಅದನ್ನೂ ಗಮನಿಸಿದೆ.

ಪುಟ್ಟಿಯ ತಾಯಿ ಕೆಲಸ ಬಿಟ್ಟಳು. ಈಗ ವಾರಕ್ಕೆ ಎರಡು ದಿನ ಅದೇ ರೈಲಿನಲ್ಲಿ ಮಗುವನ್ನು ಬೆಂಗಳೂರಿಗೆ ಮಾತಿನ ತರಬೇತಿಗೆ ಕರೆದೊಯ್ಯುತ್ತಾಳೆ. ನಮ್ಮ ಬೀದಿಯಲ್ಲಿ ಬರುವುದಿಲ್ಲ, ಕೋರಮಂಡಲ್‌ನಲ್ಲೇ ಹತ್ತುತ್ತಾಳೆ. ಇದೆಲ್ಲ ನನಗೆ ತಿಳಿದದ್ದು ಪಾಟಿಯಿಂದ.

ಹೋದ ತಿಂಗಳು ಒಂದು ಮಧ್ಯಾಹ್ನ, ಮಕ್ಕಳು ಮಲಗಿದ್ದ ಹೊತ್ತಿನಲ್ಲಿ, ಪಾಟಿ ಬಾಗಿಲಲ್ಲಿ ನಿಂತಿದ್ದರು. ಮಂಡಿ ಹಿಡಿದುಕೊಂಡು ಕೋರಮಂಡಲ್‌ನಿಂದ ನಡೆದೇ ಬಂದಿದ್ದರು. ಯಾವಾಗಲೂ ಕೆಂಪಗಿರುತ್ತಿದ್ದ ಬಾಯಿ ಬೆಳ್ಳಗಿತ್ತು.

"ಎಲೆ ಅಡಕೆ ಬಿಟ್ಟುಟ್ಟೆ ಅಮ್ಮ" ಎಂದರು. "ಅದು ಬಾಯಿ ಪಾತ್ತು, ಬಾಯಿ ನೋಡಿ ಕಲೀಬೇಕಂತೆ. ಬಾಯ್ತುಂಬ ಎಲೆ ಇದ್ರೆ ಎನ್ನಾ ಕಾಣ್ತದೆ?"

ಕೂರಿಸಿ ನೀರು ಕೊಟ್ಟೆ. ತಮಿಳು, ಕನ್ನಡ ಬೆರೆಸಿ ನಿಧಾನವಾಗಿ ಹೇಳಿದರು. ಯಂತ್ರದಿಂದ ಮಗುವಿಗೆ ಕೇಳಿಸುವುದು ಅಲ್ಪಸ್ವಲ್ಪ. ಅಷ್ಟರಲ್ಲಿ ಮೂರು ಭಾಷೆ ಹಿಡಿಯಲಾರದು, ಸದ್ಯಕ್ಕೆ ಮನೆಯಲ್ಲಿ ಎಲ್ಲರೂ ಒಂದೇ ಭಾಷೆ ಆಡಬೇಕು ಎಂದು ತರಬೇತಿಯವರು ಹೇಳಿದ್ದರು. ನಾಳೆ ಶಾಲೆಗೂ ಆಗುತ್ತದೆಂದು ಕನ್ನಡವನ್ನೇ ಆರಿಸಿಕೊಂಡಿದ್ದರು. ಸೊಸೆ ತೆಲುಗು ಬಿಟ್ಟಳು, ಮಗ ಬಂದರೆ ತಪ್ಪು ತಪ್ಪು ಕನ್ನಡ ಆಡುತ್ತಾನೆ. ಪಾಟಿ ಮಾತ್ರ, ಬಾಯಿ ತೆರೆದರೆ ತಮಿಳು ಬಂದುಬಿಡುತ್ತದೆಂದು, ಎರಡು ತಿಂಗಳಿಂದ ಮೊಮ್ಮಗಳ ಮುಂದೆ ಬಾಯಿಯೇ ತೆರೆದಿಲ್ಲ.

"ಬಾಗಿಲು ಬಡಿದ್ರೆ ಇಪ್ಪೋ ತಿರುಗ್ತಾಳಮ್ಮ" ಎಂದರು. ಅದನ್ನು ಹೇಳುವಾಗ ಮುಖದಲ್ಲಿ ಬೆಳಕಿತ್ತು. "ಮಾತು ಇಲ್ಲೆ. ಬರುಮೋ ಬರಾದೋ. ಆದ್ರೆ ನನ್ನ ನೋಡ್ತಾಳೆ, ನಾನು ಯಾಕೆ ಸುಮ್ನೆ ಇದೀನಿ ಅಂತ. ಮೊದ್ಲು ತಾಲಾಟ್ಟು ಪಾಡಿದ್ರೆ ನಗ್ತಾ ಇದ್ಲಲ್ಲ..."

ಎರಡು ವರ್ಷ ಸಂಜೆ ಸಂಜೆ ಅವರು ಹಾಡಿದ ಜೋಗುಳ ಅದು. ನಾನೂ ಎಷ್ಟೋ ಸಲ ಬಾಗಿಲಲ್ಲಿ ನಿಂತು ಕೇಳಿದ್ದೆ. ಪುಟ್ಟಿ ಅವರ ಮುಖ ನೋಡುತ್ತಾ ನಗುತ್ತಿದ್ದುದು ನಿಜ.

"ನನಗೆ ತಮಿಳು ಸೇರದ ಕನ್ನಡ ಸೊಲ್ಲಿಕೊಡು" ಎಂದರು ಪಾಟಿ. "ಮೊತ್ತಂ ಬೇಡ. ಒಂದು ಮಗೂಗೆ ಬೇಕಾದಷ್ಟು. ಸೊಸೆಗೆ ಗೊತ್ತಾಗ ವೇಣ್ಡಾಂ, ನಿನ್ನತ್ರ ಬಂದೆ ಅಂದ್ರೆ..." ಅಷ್ಟಕ್ಕೆ ನಿಲ್ಲಿಸಿದರು. ಅವರಿಗೆ ಅದನ್ನು ಪೂರ್ತಿ ಮಾಡುವುದು ಕಷ್ಟವೆಂದು ನಾನು, "ಗೊತ್ತು ಪಾಟಿ, ಏಳಲ್ಲ" ಎಂದೆ.

ಅಂದಿನಿಂದ ವಾರಕ್ಕೆರಡು ಸಲ, ತಾಯಿ ಮಗು ಬೆಂಗಳೂರಿಗೆ ಹೋದ ದಿನ, ಪಾಟಿ ಬರುತ್ತಾರೆ. ಮುಖದ ಮೇಲೆ ಬೆಳಕು ಬೀಳುವ ಹಾಗೆ ಕಿಟಕಿಯ ಹತ್ತಿರ ಕೂರಿಸಿ, ಎದುರು ನಾನು ಕೂರುತ್ತೇನೆ. ಬಾ, ಕೂತ್ಕೋ, ನೀರು, ಅನ್ನ, ಸಾಕಾ ಎಂಬ ಮಾತುಗಳಾಗಿವೆ. ಇವತ್ತು ಅವರು ಒಂದು ಪೂರ್ತಿ ಮಾತು ಕೇಳಿದರು. ಸಂಜೆ ರೈಲಿಳಿದು ಬರುವ ಮೊಮ್ಮಗಳನ್ನು ಬಾಗಿಲಲ್ಲಿ ಕಂಡಾಗ ಹೇಳುವ ಮಾತು.

"ಬಂದ್ಯಾ ಮಗಳೇ, ಕಾಯ್ತಾ ಇದ್ದೆ" ಎಂದೆ.

ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು. ಹೇಳಿದರು, ನಡುವೆ ತಮಿಳು ನುಗ್ಗಿತು, ತಲೆಯಾಡಿಸಿ ಮತ್ತೆ ಹೇಳಿದರು. 'ಕಾಯ್ತಾ' ಎಂಬುದು ಬಾಯಿಗೆ ಕೂರಲಿಲ್ಲ. ಒಳಗೆ ಒಂದು ಮಗು ಮಗ್ಗುಲಾಯಿತು. ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು.

"ಇನ್ನೊಂದು ವಾಟಿ ಸೊಲ್ಲಮ್ಮ" ಎಂದರು.

ನಾನು ಇನ್ನೊಂದು ಸಲ ಹೇಳಿದೆ.